ಅಣ್ಣನ ಅಂಗಡಿಯ ಮಾತ್ರೆ

ಅಮ್ಮನ ಜ್ವರ ಇಳಿಯದೇ ಇದ್ದಿದ್ದರೆ ಪುಟ್ಟಿಗೆ ಅಷ್ಟು ಅನುಮಾನ ಬರುತ್ತಿರಲಿಲ್ಲವೇನೋ. ಅದು ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ಬೆಳಿಗ್ಗೆ ಹಣೆ ಮುಟ್ಟಿದರೆ ತಣ್ಣಗೆ, ಸಂಜೆ ಕೆಲಸ ಮುಗಿಸಿ ಬಂದು ಮುಟ್ಟಿದರೆ ಕಾದ ಹೆಂಚು. ಮಾತ್ರೆ ಶುರು ಮಾಡಿ ವಾರವಾಗುತ್ತ ಬಂದಿತ್ತು.

ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ. ಕಿವಿಯ ಪಕ್ಕದ ಕೂದಲು ನೆರೆತಿತ್ತು, ಕನ್ನಡಕವಿಲ್ಲದೆ ಅಕ್ಷರ ಕಾಣುತ್ತಿರಲಿಲ್ಲ. ಊರಾಚೆಯ ಸಂಶೋಧನಾಲಯದಲ್ಲಿ ಬ್ಯಾಕ್ಟೀರಿಯಾಗಳ ಕಿಣ್ವಗಳ ಮೇಲೆ ಕೆಲಸ ಮಾಡುತ್ತ ಅರ್ಧ ಆಯಸ್ಸು ಕಳೆದವಳು. ಆದರೂ ತವರಿಗೆ ಕಾಲಿಟ್ಟರೆ ಅವಳು ಪುಟ್ಟಿಯೇ. ಸಣ್ಣವಳಿದ್ದಾಗ ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡಿ, "ಇದಕ್ಕೆ ನೀರು ಸೇರಿಸಿದ್ದೀಯ" ಎಂದು ಅವನ ಮುಖಕ್ಕೇ ಹೇಳಿದವಳು. ಅವತ್ತಿನಿಂದ ಅಣ್ಣ ಅವಳನ್ನು ಪೊಲೀಸಮ್ಮ ಎಂದೂ ಕರೆಯುತ್ತಿದ್ದ.

ಅಣ್ಣನದು ಔಷಧಿ ಅಂಗಡಿ. ರಸ್ತೆಗೆ ಮುಖ ಮಾಡಿದ ಮುಂಭಾಗ ಅಂಗಡಿ, ಹಿಂದೆ ಮನೆ. ನಡುವೆ ಒಂದು ಪರದೆ ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವನ ಜೊತೆಗೇ ಇದ್ದಳು. ಡಾಕ್ಟರು ನೋಡಿ ಮೂತ್ರದ ಸೋಂಕು ಎಂದಿದ್ದರು, ಮಾತ್ರೆ ಬರೆದಿದ್ದರು. ಅಣ್ಣ ತನ್ನ ಕಪಾಟಿನಿಂದಲೇ ಆ ಮಾತ್ರೆ ತೆಗೆದು ಕೊಟ್ಟಿದ್ದ.

ಆ ಸಂಜೆ ಪುಟ್ಟಿ ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ಮಾತ್ರೆಯ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಮುದ್ರಣ ಸ್ವಲ್ಪ ಅಳಿಸಿದಂತಿತ್ತು. ಅವಳು ಹಿಂದೆ ನೋಡಿದ್ದ ಹಾಳೆಯ ಬಣ್ಣ ಇದಲ್ಲ.

"ಅಣ್ಣಾ, ಇದು ಅದೇ ಕಂಪನಿದಾ?"

"ಅದೇ. ಹೊದಿಕೆ ಬದಲಾಯಿಸಿದಾರೆ," ಎಂದು ಅಣ್ಣ ಪರದೆಯ ಆಚೆಯಿಂದಲೇ ಹೇಳಿದ. ಅವನು ಪರದೆ ಸರಿಸಿ ಈಚೆ ನೋಡಲಿಲ್ಲ ಎನ್ನುವುದು ಅವಳ ಮನಸ್ಸಿಗೆ ಹತ್ತಿತು.

"ಎಲ್ಲಿಂದ ತರಿಸ್ತೀಯ ಈಗ? ಮೊದಲಿನವರಿಂದಲೇನಾ?"

"ಇಲ್ಲ, ಬೇರೆಯವರು. ಯಾಕೆ?"

"ಸುಮ್ಮನೆ ಕೇಳಿದೆ."

ಸುಮ್ಮನೆ ಕೇಳುವ ಜಾತಿಯಲ್ಲ ಅವಳು, ಅದು ಅಣ್ಣನಿಗೂ ಗೊತ್ತಿತ್ತು. ಲೋಟಕ್ಕೆ ನೀರು ತರಲು ಅವಳು ಅಡುಗೆಮನೆಗೆ ಹೋದಾಗ ಅತ್ತಿಗೆ ಮತ್ತು ಅಣ್ಣ ಹಿಂಬಾಗಿಲ ಹತ್ತಿರ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದರು. ಇವಳ ಹೆಜ್ಜೆ ಕೇಳಿದ್ದೇ ತಡ, ಅತ್ತಿಗೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತಳು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಪುಟ್ಟಿ ಮಂಚದ ಬಳಿ ವಾಪಸು ಬಂದು, ಹಾಳೆಯ ಮೂಲೆಯಿಂದ ಎರಡು ಮಾತ್ರೆಗಳನ್ನು ಕತ್ತರಿಸಿ ಕೈಚೀಲಕ್ಕೆ ಹಾಕಿಕೊಂಡಳು. ಅಮ್ಮ ಕಣ್ಣು ಮುಚ್ಚಿದ್ದಳು. ಪರದೆ ಸ್ವಲ್ಪ ಅಲುಗಾಡಿದಂತೆ ಕಂಡಿತು. ಗಾಳಿ ಇರಬೇಕು ಅಂದುಕೊಂಡಳು.

ಮಾತ್ರೆಯ ಅಸಲಿ ನಕಲಿ ಪತ್ತೆ ಹಚ್ಚುವುದಕ್ಕೆ ಅವಳು ಯಾರ ಕಾಲೂ ಹಿಡಿಯಬೇಕಾಗಿರಲಿಲ್ಲ. ಅಮ್ಮನಿಗೆ ಬರೆದ ಔಷಧಿ ಹೊಡೆಯುವುದು ಯಾವ ಕಿಣ್ವಕ್ಕೋ, ಅದೇ ಕಿಣ್ವದ ಮೇಲೆ ಅವಳ ದಿನದ ಕೆಲಸ.

ಬ್ಯಾಕ್ಟೀರಿಯಾದ ಡಿಎನ್‌ಎ ಎರಡು ಎಳೆ ಹೊಸೆದ ದಾರ. ಬಳೆಯ ಹಾಗೆ ದುಂಡಗೆ, ತುದಿಯೇ ಇಲ್ಲದ್ದು. ಬಿಡಿಸಿ ಹರಡಿದರೆ ಆ ಜೀವಿಯ ಮೈಗಿಂತ ಸಾವಿರ ಪಾಲು ಉದ್ದ. ನಕಲು ಮಾಡಲು ಎಳೆಗಳನ್ನು ಬಿಡಿಸುತ್ತ ಹೋದಂತೆ ಮುಂದಿನ ಭಾಗ ಹುರಿಗೊಳ್ಳುತ್ತ ಬಿಗಿಯುತ್ತದೆ. ಬಿಡಿ ತುದಿ ಇದ್ದರೆ ಹುರಿ ತಾನೇ ಬಿಚ್ಚಿಕೊಳ್ಳುತ್ತಿತ್ತು. ಅದಿಲ್ಲವಾದ್ದರಿಂದ ಬ್ಯಾಕ್ಟೀರಿಯಾ ಗೈರೇಸ್ ಎಂಬ ಕಿಣ್ವವನ್ನು ಇಟ್ಟುಕೊಂಡಿದೆ. ನಾಲ್ಕು ಭಾಗ ಕೂಡಿ ಆದ ಯಂತ್ರ ಅದು. ಎರಡು ಭಾಗ ದಾರವನ್ನು ಕತ್ತರಿಸಿ, ತುದಿಗಳನ್ನು ಕೈಬಿಡದೆ ಹಿಡಿದುಕೊಳ್ಳುತ್ತವೆ. ಉಳಿದೆರಡು ಶಕ್ತಿ ಒದಗಿಸುತ್ತವೆ. ಕತ್ತರಿಸಿದ ಸಂದಿಯಲ್ಲಿ ದಾರದ ಇನ್ನೊಂದು ಭಾಗವನ್ನು ದಾಟಿಸಿ, ಮತ್ತೆ ಬೆಸೆದುಬಿಟ್ಟರೆ ಎರಡು ಸುತ್ತಿನ ಬಿಗಿ ಕಳೆಯಿತು. ಇದಕ್ಕೊಂದು ಸೋದರ ಕಿಣ್ವವೂ ಇದೆ. ನಕಲಾದ ಮೇಲೆ ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಬಳೆಗಳನ್ನು ಬೇರ್ಪಡಿಸುವುದು ಅದರ ಕೆಲಸ.

ಅಮ್ಮನ ಔಷಧಿ ಕತ್ತರಿಸಿದ ಜಾಗದಲ್ಲೇ ಹೋಗಿ ಬೆಣೆಯಂತೆ ಕೂರುವಂಥದ್ದು. ಕತ್ತರಿಸುವುದು ಆಗುತ್ತದೆ, ಬೆಸೆಯುವುದು ಆಗುವುದಿಲ್ಲ. ತುಂಡಾದ ಡಿಎನ್‌ಎ ಇಟ್ಟುಕೊಂಡು ಬ್ಯಾಕ್ಟೀರಿಯಾ ಬದುಕುವುದಾದರೂ ಹೇಗೆ?

ಮರುದಿನ ಪುಟ್ಟಿ ಆ ಎರಡು ಮಾತ್ರೆಗಳನ್ನು ಅರೆದು ಕರಗಿಸಿ, ಸೋಸಿ, ಹಂತಹಂತವಾಗಿ ತೆಳುಮಾಡಿ ಸಾಲಾಗಿ ಸಣ್ಣ ಕೊಳವೆಗಳಲ್ಲಿಟ್ಟಳು. ಪಕ್ಕದಲ್ಲೇ ಲ್ಯಾಬಿನ ಶುದ್ಧ ಪುಡಿಯದೂ ಅಂಥದೇ ಸಾಲು. ಪ್ರತಿ ಕೊಳವೆಗೂ ಸಡಿಲ ಡಿಎನ್‌ಎ ಬಳೆ, ಗೈರೇಸು, ಅದಕ್ಕೆ ಬೇಕಾದ ಇಂಧನ. ಯಾರಿಗೂ ಹೇಳಲಿಲ್ಲ. ಪಕ್ಕದ ಮೇಜಿನವಳು "ಇವತ್ತು ಏನು ಅಷ್ಟೊಂದು?" ಎಂದು ಕೇಳಿದ್ದಕ್ಕೆ "ಹಳೇ ಬಾಕಿ" ಎಂದಳು.

ಗೈರೇಸ್ ಕೆಲಸ ಮಾಡಿದ ಕಡೆ ಸಡಿಲ ಬಳೆ ವಿರುದ್ಧ ದಿಕ್ಕಿಗೆ ಹುರಿಗೊಂಡು ಬಿಗಿಯಾಗಿ ಮುದುಡಿ, ವಿದ್ಯುತ್ ಹರಿಸಿದ ಜೆಲ್ಲಿನ ಅಂಟುಹಲಗೆಯಲ್ಲಿ ಬೇಗ ಓಡಿ ಕೆಳಗೆ ಬರುತ್ತದೆ. ಔಷಧಿ ತಡೆದ ಕಡೆ ಹಾಗೆ ಆಗುವುದಿಲ್ಲ. ಮಾತ್ರೆಯಲ್ಲಿ ಬರೀ ಸುಣ್ಣದ ಪುಡಿ ಇದ್ದರೆ ಇಡೀ ಸಾಲು ಕೆಳಗೇ ಇರಬೇಕು. ಅರ್ಧಂಬರ್ಧ ಔಷಧಿ ಇದ್ದರೆ, ತೆಳುವಾಗುತ್ತ ಹೋದಂತೆ ಶುದ್ಧ ಪುಡಿಗಿಂತ ಮೊದಲೇ ಸೋಲಬೇಕು. ಮಧ್ಯಾಹ್ನ ಜೆಲ್ಲನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಬಗ್ಗಿ ನೋಡಿದಳು. ಎರಡು ಸಾಲುಗಳೂ ಕನ್ನಡಿ ಹಿಡಿದಂತೆ ಒಂದೇ ಥರ. ಅಣ್ಣನ ಮಾತ್ರೆ ಅಪ್ಪಟ ಅಸಲಿ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಅನುಮಾನಕ್ಕೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುವುದು ಕಷ್ಟವೇ? ಮಾತ್ರೆ ಅಸಲಿಯೇ ಆದರೆ ಅದು ಅಮ್ಮನ ಹೊಟ್ಟೆ ಸೇರುತ್ತಿಲ್ಲ. ಅತ್ತಿಗೆ ಸರಿಯಾಗಿ ಕೊಡುತ್ತಿಲ್ಲ, ಇಲ್ಲವೇ ಅಮ್ಮ ನುಂಗುತ್ತಿಲ್ಲ.

ಸಂಜೆ ಹೋಗಿ ತಾನೇ ಕೈಯಾರೆ ಮಾತ್ರೆ ಬಾಯಿಗಿಟ್ಟು, ನೀರು ಕುಡಿಸಿದಳು.

"ಬಾಯಿ ತೆಗೀ ಅಮ್ಮ. ನಾಲಗೆ ಎತ್ತು."

"ಏನೇ ಇದು? ನಾನೇನು ಜೈಲಲ್ಲಿದ್ದೀನಾ?" ಅಮ್ಮ ನಾಲಗೆ ಎತ್ತಿ ತೋರಿಸಿ, ಜ್ವರದಲ್ಲೂ ನಕ್ಕಳು. "ನಿಮ್ಮತ್ತಿಗೆ ದಿನಾ ಗಡಿಯಾರ ನೋಡ್ಕೊಂಡು ಕೊಡ್ತಾಳೆ ಕಣೇ. ಒಂದು ಹೊತ್ತೂ ತಪ್ಪಿಸಿಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಮ್ಮ ಚಳಿಯಲ್ಲಿ ಗಡಗಡ ನಡುಗುತ್ತ, ಸತ್ತುಹೋದ ಅಪ್ಪನನ್ನು ಊಟಕ್ಕೆ ಕರೆಯಲು ಶುರುಮಾಡಿದಳು. ಅಣ್ಣ ಅಂಗಡಿ ಬಾಗಿಲು ಎಳೆದು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಡಾಕ್ಟರು ಮಾತ್ರೆ ನಿಲ್ಲಿಸಿ ಬೇರೆ ಜಾತಿಯ ಔಷಧಿಯನ್ನು ನರಕ್ಕೆ ಕೊಡತೊಡಗಿದರು. ಮೂತ್ರವನ್ನು ಪರೀಕ್ಷೆಗೂ ಕಳಿಸಿದರು. ಅಲ್ಲಿಂದ ಉತ್ತರ ಬಂದಾಗ ಅಣ್ಣ, ತಂಗಿ, ಅತ್ತಿಗೆ ಮೂವರೂ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದರು.

"ನಿಮ್ಮ ತಾಯಿಯವರ ಬ್ಯಾಕ್ಟೀರಿಯಾಕ್ಕೆ ಆ ಮಾತ್ರೆ ಲೆಕ್ಕಕ್ಕೇ ಇಲ್ಲ," ಎಂದರು ಡಾಕ್ಟರು. "ಎಷ್ಟು ಕೊಟ್ಟರೂ ಜಗ್ಗಲ್ಲ. ಗೈರೇಸ್ ಬದಲಾಗಿರಬೇಕು. ನಿಮಗೆ ನಾನು ಹೇಳಬೇಕಾಗಿಲ್ಲ ಮೇಡಂ, ಅದು ನಿಮ್ಮದೇ ವಿಷಯ. ಈ ಇಂಜೆಕ್ಷನ್‌ಗೆ ಬಗ್ಗುತ್ತೆ, ಹೆದರಬೇಡಿ."

ಡಾಕ್ಟರು ಹೋದರು. ಆಮೇಲೆ ಅಣ್ಣ ಗೋಡೆ ನೋಡುತ್ತ ಕೇಳಿದ.

"ನಿನ್ನ ಲ್ಯಾಬಲ್ಲಿ ಇಂಥವೇ ಅಲ್ವಾ ಬೆಳೆಸೋದು? ಔಷಧಿಗೆ ಬಗ್ಗದೇ ಇರೋವು?"

ಪುಟ್ಟಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಿವಿ ಬಿಸಿಯಾಯಿತು. "ಏನು ಹೇಳ್ತಿದೀಯ ನೀನು?"

"ಹೇಳ್ತಿಲ್ಲ, ಕೇಳ್ತಿದೀನಿ. ದಿನಾ ಅಲ್ಲಿಂದ ನೇರ ಮನೆಗೆ ಬರ್ತೀಯ. ಅದೇ ಬಟ್ಟೆ, ಅದೇ ಚೀಲ. ಅಮ್ಮನ ಮಂಚದ ಮೇಲೆ ಕೂರ್ತೀಯ, ಅವಳ ಬಾಯಿಗೆ ಕೈ ಹಾಕ್ತೀಯ. ನಾವಿಬ್ಬರೂ ವಾರದಿಂದ ಇದನ್ನೇ ಮಾತಾಡ್ಕೋತಿದೀವಿ. ನಿನ್ನ ಮುಂದೆ ಹೇಳೋಕೆ ಬಾಯಿ ಬರಲಿಲ್ಲ."

"ನನ್ನನ್ನ ಅನುಮಾನಿಸ್ತೀಯಾ ಅಣ್ಣಾ?"

"ಮತ್ತೆ ನೀನು?" ಈ ಸಲ ಮಾತಾಡಿದ್ದು ಅತ್ತಿಗೆ. "ಮಾತ್ರೆ ಕತ್ತರಿಸಿ ಚೀಲಕ್ಕೆ ಹಾಕಿಕೊಂಡಿದ್ದನ್ನ ನಾನು ನೋಡಿದೆ ಪುಟ್ಟಿ. ನಿಮ್ಮಣ್ಣ ಹೆತ್ತ ತಾಯಿಗೆ ನಕಲಿ ಮಾತ್ರೆ ಕೊಡ್ತಾನೆ ಅಂದ್ಕೊಂಡೆಯಲ್ಲ. ನಾನು ಅತ್ತೆಗೆ ಮಾತ್ರೆ ಕೊಡದೆ ಬಿಸಾಡ್ತೀನಿ ಅಂದ್ಕೊಂಡೆಯಲ್ಲ."

ಪುಟ್ಟಿ ಕೈಚೀಲ ಎತ್ತಿಕೊಂಡಳು. ಎದ್ದು ಮೆಟ್ಟಿಲು ಇಳಿದು ಹೊರಗೆ ಬಂದಳು. ಬಸ್ಸಿನಲ್ಲಿ ಕೂತ ಮೇಲೆ ಕೋಪ ಇಳಿಯಿತು, ಅದರ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಅಣ್ಣ ಕೇಳಿದ್ದರಲ್ಲಿ ತಪ್ಪೇನಿತ್ತು? ಲ್ಯಾಬಿನ ಫ್ರೀಜರಿನಲ್ಲಿ ಔಷಧಿಗೆ ಬಗ್ಗದ ಗೈರೇಸ್ ಇರುವ ಬ್ಯಾಕ್ಟೀರಿಯಾ ಇದ್ದದ್ದು ನಿಜ. ಅದನ್ನು ಬೆಳೆಸಿದವಳು ಅವಳೇ. ಕೈಗವಸು ಹಾಕುತ್ತಾಳೆ, ಕೈ ತೊಳೆಯುತ್ತಾಳೆ, ಆದರೆ ಒಂದು ದಿನವೂ ಮರೆತಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲಳೇ? ಅದು ಲ್ಯಾಬಿನಲ್ಲಿ ಸಾಕಿದ ಸಾಧು ತಳಿ, ಮನುಷ್ಯರ ಮೈಯಲ್ಲಿ ಊರುವ ತಾಕತ್ತಿಲ್ಲದ್ದು ಎಂದು ಪುಸ್ತಕ ಹೇಳುತ್ತದೆ. ಎಷ್ಟೋ ಮಾತ್ರೆಗಳ ಬಗ್ಗೆಯೂ ಪುಸ್ತಕ ಏನೇನೋ ಹೇಳಿತ್ತು.

ಮರುದಿನ ಅವಳು ಡಾಕ್ಟರನ್ನು ಕಂಡು, ಅಮ್ಮನ ಬ್ಯಾಕ್ಟೀರಿಯಾದ ಡಿಎನ್‌ಎ ಕೊಡಿಸಲು ಕೇಳಿದಳು. ಕಾರಣವನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರು ಅವಳ ಮುಖವನ್ನು ಒಂದು ಕ್ಷಣ ನೋಡಿ, "ನನಗೂ ತಿಳಿದುಕೊಳ್ಳಬೇಕು" ಎಂದರು.

ಗೈರೇಸಿನದೂ ಅದರ ಸೋದರ ಕಿಣ್ವದ್ದೂ ಡಿಎನ್‌ಎ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಿ, ಫಲಿತಾಂಶ ಕೈಗೆ ಬರುವಷ್ಟರಲ್ಲಿ ಅಮ್ಮನ ಜ್ವರ ಬಿಟ್ಟಿತ್ತು. ಪುಟ್ಟಿ ಆಸ್ಪತ್ರೆಗೆ ಹೋಗುತ್ತಿದ್ದಳು, ಆದರೆ ಮಂಚದಿಂದ ಮಾರು ದೂರ ನಿಲ್ಲುತ್ತಿದ್ದಳು. ಅಣ್ಣ ಬರುವ ಹೊತ್ತಿಗೆ ಇವಳು ಹೊರಟಿರುತ್ತಿದ್ದಳು. ಇಬ್ಬರೂ ಕಾರಿಡಾರಿನಲ್ಲಿ ಎದುರಾದರೆ, ಪಾಲಿನ ಜಗಳದವರ ಹಾಗೆ ಇಬ್ಬರಿಗೂ ಗೋಡೆಯ ಮೇಲಿನ ಚಿತ್ರಗಳು ಬಹಳ ಚೆನ್ನಾಗಿ ಕಾಣುತ್ತಿದ್ದವು.

ಕಂಪ್ಯೂಟರಿನ ಮುಂದೆ ಕೂತು ಅವಳು ಲ್ಯಾಬಿನ ತಳಿಯ ಗೈರೇಸನ್ನೂ ಅಮ್ಮನದನ್ನೂ ಒಂದರ ಕೆಳಗೊಂದು ಇಟ್ಟು ಓದಿದಳು. ಔಷಧಿ ಬೆಣೆಯಂತೆ ಕೂರಲು ಕಿಣ್ವದಲ್ಲಿ ಒಂದು ಆಸರೆ ಬೇಕು. ಅದು ಒಂದೇ ಒಂದು ಅಮೈನೋ ಆಮ್ಲದಷ್ಟು ಪುಟ್ಟ ಜಾಗ. ಲ್ಯಾಬಿನ ತಳಿಯಲ್ಲಿ ಬದಲಾಗಿದ್ದು ಅದೇ ಜಾಗ.

ಅಮ್ಮನದರಲ್ಲೂ ಬದಲಾಗಿದ್ದು ಅದೇ ಜಾಗ.

ಪುಟ್ಟಿ ಕುರ್ಚಿ ಹಿಂದಕ್ಕೆ ತಳ್ಳಿದಳು. ಎದ್ದು ಹೋಗಿ ನೀರು ಕುಡಿದು ಬಂದಳು. ಮತ್ತೆ ಕೂತು ಮುಂದೆ ಓದಿದಳು. ಸ್ವಲ್ಪ ಮುಂದೆ ಅಮ್ಮನ ಗೈರೇಸಿನಲ್ಲಿ ಇನ್ನೊಂದು ಬದಲಾವಣೆ ಇತ್ತು, ಲ್ಯಾಬಿನದರಲ್ಲಿ ಅದಿರಲಿಲ್ಲ. ಸೋದರ ಕಿಣ್ವಕ್ಕೆ ಬಂದರೆ ಅಲ್ಲೂ ಒಂದು. ಉಳಿದ ಅಕ್ಷರಗಳಲ್ಲೂ ಅಲ್ಲಲ್ಲಿ ಹತ್ತಾರು ವ್ಯತ್ಯಾಸ. ಎರಡೂ ಒಂದೇ ವಂಶದವಲ್ಲ, ಹತ್ತಿರದ ನೆಂಟರೂ ಅಲ್ಲ. ಮೊದಲ ಬದಲಾವಣೆ ಎರಡರಲ್ಲೂ ಒಂದೇ ಇದ್ದದ್ದು, ಆ ಔಷಧಿಯಿಂದ ತಪ್ಪಿಸಿಕೊಳ್ಳುವವರೆಲ್ಲ ಸಾಮಾನ್ಯವಾಗಿ ಮೊದಲು ಹಿಡಿಯುವ ದಾರಿಯೇ ಅದಾದ್ದರಿಂದ. ಅವಳು ತಂದದ್ದಲ್ಲ.

ಕುರ್ಚಿಗೆ ಒರಗಿ ಉಸಿರು ಬಿಟ್ಟಳು. ಆದರೆ ತಲೆ ಅಷ್ಟಕ್ಕೇ ಬಿಡಲಿಲ್ಲ. ಇಂಥ ಬದಲಾವಣೆಗಳೆಲ್ಲ ಒಂದೇ ಏಟಿಗೆ ಬರುವಂಥವಲ್ಲ. ಒಂದು ಬಂದು ಸ್ವಲ್ಪ ತಡೆದುಕೊಳ್ಳುತ್ತದೆ. ಮತ್ತೆ ಔಷಧಿ ಬಿದ್ದಾಗ ಅದರಲ್ಲಿ ಉಳಿದದ್ದು ಇನ್ನೊಂದನ್ನು ಗಳಿಸುತ್ತದೆ. ಕೊಲ್ಲುವಷ್ಟು ಅಲ್ಲ, ಪಾಠ ಕಲಿಸುವಷ್ಟು ಔಷಧಿ, ಮೇಲಿಂದ ಮೇಲೆ ಯಾರೋ ಕೊಡುತ್ತ ಬಂದಿರಬೇಕು.

ಆಸ್ಪತ್ರೆಯಲ್ಲಿ ಅಮ್ಮ ದಿಂಬಿಗೆ ಒರಗಿ ಹಣ್ಣು ತಿನ್ನುತ್ತಿದ್ದಳು. ಪುಟ್ಟಿ ಈ ಸಲ ಮಂಚದ ಮೇಲೇ ಕೂತಳು.

"ಅಮ್ಮ, ಈ ಉರಿಮೂತ್ರ ನಿಂಗೆ ಇದೇ ಮೊದಲಾ?"

"ಮೊದಲೆಲ್ಲಿ ಬಂತು! ಆಗಾಗ ಬರ್ತಾನೇ ಇರುತ್ತೆ. ವಯಸ್ಸಾಯ್ತಲ್ಲ."

"ಬಂದಾಗ ಏನು ಮಾಡ್ತೀಯ?"

"ನಿಮ್ಮಣ್ಣ ಇದಾನಲ್ಲ. ಕೇಳಿದರೆ ಮಾತ್ರೆ ಕೊಡ್ತಾನೆ. ಎರಡು ನುಂಗಿದರೆ ಸಾಕು, ಹೂವು ಎತ್ತಿದ ಹಾಗೆ ಹೋಗುತ್ತೆ."

"ಎರಡೇನಾ? ಉಳಿದದ್ದು?"

"ಉಳಿದದ್ದು ಯಾಕೆ? ಗುಣ ಆದ್ಮೇಲೂ ನುಂಗ್ತಾ ಕೂತರೆ ಮೈಗೆ ಉಷ್ಣ. ಎತ್ತಿಟ್ಟಿರ್ತೀನಿ. ಎದುರುಮನೆಯವಳಿಗೂ ಒಂದೆರಡು ಸಲ ಕೊಟ್ಟಿದೀನಿ ಪಾಪ." ಅಮ್ಮ ದನಿ ತಗ್ಗಿಸಿದಳು. "ನಿಂಗೆ ಹೇಳಬೇಡ ಅಂತ ನಾನೇ ಅವನಿಗೆ ಹೇಳಿದ್ದೆ. ನೀನು ದೊಡ್ಡ ರಗಳೆ ಮಾಡ್ತೀಯ ಅಂತ."

"ಎಷ್ಟು ದಿನದಿಂದ ಅಮ್ಮ?"

"ನಿಮ್ಮಪ್ಪ ಹೋದಾಗಿಂದ ಅನ್ನು." ಅಮ್ಮ ಇನ್ನೊಂದು ಹೋಳು ಬಾಯಿಗಿಟ್ಟಳು. "ಯಾಕೆ, ಅದರಲ್ಲೂ ಏನಾದರೂ ಪತ್ತೆ ಹಚ್ಚಿದೆಯಾ?"

ಪುಟ್ಟಿ ಅಮ್ಮನ ಹೊದಿಕೆ ಸರಿಮಾಡಿ ಹೊರಟಳು. ಅಣ್ಣನ ಮೇಲೆ ಅವಳು ಪಟ್ಟ ಅನುಮಾನ ಸುಳ್ಳಾಗಿತ್ತು. ಆದರೆ ಅವಳಿಗೆ ಹೊಳೆಯದೇ ಇದ್ದ ಜಾಗದಲ್ಲಿ, ಅವನ ಕಕ್ಕುಲಾತಿಯಲ್ಲಿ, ತಪ್ಪು ಕೂತಿತ್ತು. ಇದನ್ನು ಅವನಿಗೆ ಹೇಳದೇ ಇದ್ದರೆ ಏನಾಗುತ್ತದೆ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಅಮ್ಮ ಹುಷಾರಾಗಿದ್ದಾಳೆ. ಮನೆಯಲ್ಲಿ ಮುರಿದದ್ದು ಸಾಕಷ್ಟಿದೆ. ಆದರೆ ಇನ್ನೊಂದು ಸಲ ಉರಿ ಬಂದರೆ ಅವನು ಮತ್ತೆ ಕಪಾಟಿಗೆ ಕೈ ಹಾಕುತ್ತಾನೆ.

ಮಧ್ಯಾಹ್ನದ ಬಿಸಿಲಿಗೆ ರಸ್ತೆ ಖಾಲಿ. ಅಣ್ಣ ಒಬ್ಬನೇ ಅಂಗಡಿಯಲ್ಲಿ ಕೂತಿದ್ದ. ಇವಳನ್ನು ಕಂಡು ಎದ್ದು ನಿಂತ, ಕೂರು ಎನ್ನಲಿಲ್ಲ.

"ನಿನ್ನ ಮಾತ್ರೆ ಅಸಲಿ," ಎಂದಳು ಪುಟ್ಟಿ. "ಅವತ್ತೇ ಗೊತ್ತಾಗಿತ್ತು. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು."

"ಓಹೋ. ಬಿಡುಗಡೆ ಆಯ್ತಾ ನನಗೆ?"

"ಅಮ್ಮನ ಮೈಯಲ್ಲಿರೋದು ನನ್ನ ಲ್ಯಾಬಿಂದ ಬಂದದ್ದಲ್ಲ. ಎರಡನ್ನೂ ಹೋಲಿಸಿ ನೋಡಿದೆ. ಬೇಕಾದರೆ ಡಾಕ್ಟರನ್ನ ಕೇಳು."

"ನೀನು ಹೇಳಿದಮೇಲೆ ಕೇಳೋದೇನು?" ಅವನ ಹುಬ್ಬು ಸಡಿಲಾಯಿತು. "ನಾನೂ ಹಾಗೆ ಅನ್ನಬಾರದಾಗಿತ್ತು ಪುಟ್ಟಿ. ಮತ್ತೆ ಎಲ್ಲಿಂದ ಬಂತು ಅದು?"

ಅವಳು ಹೇಳಿದಳು. ಆಸರೆಯ ಜಾಗ, ಬದಲಾವಣೆಗಳು, ಅವು ಒಂದೊಂದಾಗಿ ಬರುವ ರೀತಿ. ಅಮ್ಮ ಎರಡೆರಡೇ ನುಂಗುತ್ತಿದ್ದದ್ದು. ಅಣ್ಣ ಮೊದಲು ತಲೆ ಅಲ್ಲಾಡಿಸುತ್ತ ಕೇಳಿದ, ಆಮೇಲೆ ಅಲ್ಲಾಡಿಸುವುದನ್ನು ನಿಲ್ಲಿಸಿದ.

"ಅಂದರೆ ನಾನೇ ಅಂತೀಯ."

"ನೀನೇ ಅಂತ ಹೇಳೋಕಾಗಲ್ಲ. ಅಮ್ಮನ ಮೈಯಲ್ಲೇ ಬದಲಾಗಿರಬಹುದು. ಬೇರೆ ಯಾರಲ್ಲೋ ಬದಲಾಗಿ ಇಲ್ಲಿಗೆ ಬಂದಿರಬಹುದು. ಗೊತ್ತಾಗಲ್ಲ."

"ಬೇರೆ ಯಾರಲ್ಲಿ? ಈ ಬೀದಿಯಲ್ಲಾ?"

ಅಣ್ಣ ರಸ್ತೆಯ ಕಡೆ ನೋಡಿದ. ಎದುರುಸಾಲಿನ ಒಂದೊಂದೇ ಬಾಗಿಲಿನ ಮೇಲೆ ಅವನ ಕಣ್ಣು ಹೋಗಿ ನಿಂತು ಮುಂದಕ್ಕೆ ಸರಿಯಿತು. ಯಾವ ಬಾಗಿಲಿಗೆ ಏನು ಕೊಟ್ಟಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದನೆಂದು ಅವಳಿಗೆ ತಿಳಿಯಿತು.

"ಕೇಳ್ತಿದ್ದರು, ಕೊಡ್ತಿದ್ದೆ," ಎಂದ ಕೊನೆಗೆ. "ಡಾಕ್ಟರ ಹತ್ತಿರ ಹೋಗೋಕೆ ಎಲ್ಲರ ಕೈಲೂ ಆಗಲ್ಲ. ಒಳ್ಳೇದು ಮಾಡ್ತಿದೀನಿ ಅಂತಾನೇ ಇದ್ದೆ."

"ಗೊತ್ತು ಅಣ್ಣಾ."

"ಗೊತ್ತು ಅನ್ನಬೇಡ. ಬಯ್ಯಿ. ಬೈದರೆ ವಾಸಿ."

ಬಯ್ಯಲು ಅವಳಿಗೆ ಆಗಲಿಲ್ಲ. ಅಷ್ಟರಲ್ಲಿ ಎದುರಿನ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡೇ ರಸ್ತೆ ದಾಟಿ ಬಂದ. ಉರಿಗೆ ಕೊಡುತ್ತೀರಲ್ಲ, ಅದೇ ಮಾತ್ರೆ, ಎರಡು ಸಾಕು ಎಂದ. ಅಣ್ಣನ ಕೈ ಅಭ್ಯಾಸಬಲದಿಂದ ಕಪಾಟಿನ ಕಡೆ ಹೋಗಿ ಅರ್ಧದಲ್ಲೇ ನಿಂತಿತು.

"ಇಲ್ಲ. ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ. ಅವರು ಬರೆದಷ್ಟೂ ಕೊಡ್ತೀನಿ, ಅಷ್ಟನ್ನೂ ನುಂಗಬೇಕು."

ದರ್ಜಿ ಅವನನ್ನೂ ಅವಳನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. "ಸ್ಟಾಕಿಲ್ಲ ಅಂತ ಹೇಳಿಬಿಡಿ ಸ್ವಾಮಿ, ಅದಕ್ಕೆ ಯಾಕೆ ಇಷ್ಟು ಸುತ್ತು?" ಎಂದು ಗೊಣಗಿ, ಮೂಲೆಯ ಇನ್ನೊಂದು ಔಷಧಿ ಅಂಗಡಿಯ ಕಡೆ ನಡೆದ. ಅಲ್ಲಿ ಅವನಿಗೆ ಮಾತ್ರೆ ಸಿಕ್ಕಿತು. ಚೀಟಿ ಕೇಳದೆ ಕೊಟ್ಟಿದ್ದು ಇಲ್ಲಿಂದಲೇ ಕಾಣುತ್ತಿತ್ತು.

ಆಮೇಲಿನ ದಿನಗಳಲ್ಲಿ ಬೀದಿಯಲ್ಲಿ ಒಂದು ಮಾತು ಹಬ್ಬಿತು. ತಾಯಿಗೆ ಹುಷಾರು ತಪ್ಪಿದಾಗಿನಿಂದ ಆ ಅಂಗಡಿಯವನು ಮಾತ್ರೆ ಕೊಡಲು ಹೆದರುತ್ತಾನೆ, ಮಾಲಿನಲ್ಲೇ ಏನೋ ದೋಷ ಇರಬೇಕು ಎಂದು. ಅಣ್ಣ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಗಿರಾಕಿ ಕಡಿಮೆಯಾದರು. ಅತ್ತಿಗೆ ಅದನ್ನೂ ನಾದಿನಿಯ ಖಾತೆಗೇ ಬರೆದುಕೊಂಡಳು. ಪುಟ್ಟಿ ಹೋಗಿ ಕ್ಷಮೆ ಕೇಳಿದಾಗ "ಆಯ್ತು ಬಿಡು" ಎಂದಳು. ಊಟಕ್ಕೂ ಬಡಿಸಿದಳು. ಆದರೆ ಅಮ್ಮನ ಕೋಣೆಯಲ್ಲಿ ಪುಟ್ಟಿ ಇರುವಷ್ಟು ಹೊತ್ತೂ ಯಾವುದಾದರೂ ನೆಪದಲ್ಲಿ ಅಲ್ಲೇ ಸುಳಿಯುತ್ತಿದ್ದಳು.

ಅಮ್ಮ ಮನೆಗೆ ಬಂದು, ಮೈಗೆ ಶಕ್ತಿ ಬಂದು, ಎದುರುಮನೆಯವಳ ಜೊತೆ ಮೆಟ್ಟಿಲ ಮೇಲೆ ಕೂತು ಹರಟುವಂತಾದಳು. ಅವಳು ಎತ್ತಿಟ್ಟಿದ್ದ ಮಾತ್ರೆಗಳನ್ನೆಲ್ಲ ಅಣ್ಣ ಹುಡುಕಿ ತೆಗೆದ. ಎಲ್ಲವೂ ಸಿಕ್ಕವೆಂದು ಅವನಿಗೆ ನಂಬಿಕೆ ಬರಲಿಲ್ಲ. ಅಮ್ಮ ಹೊರಗೆ ಹೋದಾಗೆಲ್ಲ ಇನ್ನೊಮ್ಮೆ ಹಾಸಿಗೆ ಎತ್ತಿ ನೋಡುತ್ತಿದ್ದ.

ಪುಟ್ಟಿ ಈಗ ಲ್ಯಾಬಿನಿಂದ ನೇರವಾಗಿ ತವರಿಗೆ ಹೋಗುವುದಿಲ್ಲ. ಮೊದಲು ತನ್ನ ಮನೆಗೆ ಹೋಗಿ, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಬೇರೆ ಚೀಲ ಹಿಡಿದು ಹೊರಡುತ್ತಾಳೆ. ಎರಡು ತಳಿಗಳಿಗೂ ಸಂಬಂಧವಿಲ್ಲವೆಂದು ಅವಳೇ ಕಣ್ಣಾರೆ ಓದಿದ್ದಾಳೆ. ಆದರೂ ಅಮ್ಮ ಕೈ ಚಾಚಿ ಹತ್ತಿರ ಕರೆದರೆ ಒಂದು ಗಳಿಗೆ ನಿಂತು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾಳೆ.

"ಏನು ನೋಡ್ತೀಯೇ ಅಲ್ಲಿ?" ಎನ್ನುತ್ತಾಳೆ ಅಮ್ಮ. "ಬಾ, ಕೂತ್ಕೋ."